ಅವ್ವನ ಖಾತೆಗೆ ಬಂದ ರೊಕ್ಕ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಸರ್ಕಾರದಿಂದ ನೇರವಾಗಿ ಖಾತೆಗೆ ಬೀಳುವ ರೊಕ್ಕ, ಅದರಲ್ಲೂ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ. ಬ್ಯಾಂಕ್ ವ್ಯವಹಾರ, ಪಶುಪಾಲನೆ, ಕಲ್ಯಾಣ ಯೋಜನೆಗಳ ಕೆಲಸ ಬಲ್ಲವರು ಕೂಡಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟು ತಾಲ್ಲೂಕು ಮಾತ್ರ ಹಾಕಿದ್ದೇವೆ.

ಪ್ರಶ್ನೆ (ಬೀಳಗಿ ತಾಲ್ಲೂಕು): ತಿಂಗಳಾ ಎರಡ ಸಾವಿರ ಬರತೈತ್ರಿ. ಬಂದದ್ದೂ ಗೊತ್ತಾಗೂದಿಲ್ಲ, ಹೋದದ್ದೂ ಗೊತ್ತಾಗೂದಿಲ್ಲ. ಹತ್ತ ಸಾವಿರ ಕೈಸಾಲ ಐತಿ, ನೂರಕ್ಕ ಐದರಂಗ ಬಡ್ಡಿ. ಈ ರೊಕ್ಕದಾಗ ಬಡವರ ಮನಿ ಖರೇನ ಸುಧಾರಸತೈತೇನ್ರಿ?

ಉತ್ತರ: ಸುಧಾರಿಸುತ್ತದೆ. ಆದರೆ ನಿಮ್ಮ ಮನೆಯಲ್ಲಿ ಅದು ಮೊದಲು ಆ ಸಾಲಕ್ಕೇ ಹೋಗಬೇಕು. ತಿಂಗಳಿಗೆ ನೂರಕ್ಕೆ ಐದು ಎಂದರೆ ವರ್ಷಕ್ಕೆ ನೂರಕ್ಕೆ ಅರವತ್ತು. ಬರೀ ಬಡ್ಡಿ ಕಟ್ಟುತ್ತ ಹೋದರೆ ತಿಂಗಳಿಗೆ 500 ರೂಪಾಯಿಯಂತೆ ವರ್ಷಕ್ಕೆ 6,000 ಹೋಗುತ್ತದೆ, ಹತ್ತು ಸಾವಿರದ ಗಂಟು ಇದ್ದಲ್ಲೇ ಇರುತ್ತದೆ. ಅದೇ ಸಾಲಕ್ಕೆ ತಿಂಗಳಿಗೆ ಪೂರ್ತಿ 2,000 ಕಟ್ಟಿ ನೋಡಿ. ಮೊದಲ ತಿಂಗಳು 500 ಬಡ್ಡಿಗೆ ಹೋಗಿ 1,500 ಅಸಲಿಗೆ ಸೇರುತ್ತದೆ, ಬಾಕಿ 8,500. ಎರಡನೆಯ ತಿಂಗಳು ಬಡ್ಡಿ 425ಕ್ಕೆ ಇಳಿಯುತ್ತದೆ, ಬಾಕಿ 6,925. ಹೀಗೆ ಹೋದರೆ ಆರನೆಯ ಕಂತಿಗೆ ಕಟ್ಟಬೇಕಾದದ್ದು ಸುಮಾರು 1,800 ಮಾತ್ರ, ಅಲ್ಲಿಗೆ ಲೆಕ್ಕ ಚುಕ್ತಾ. ಒಟ್ಟು ಕೊಟ್ಟ ಬಡ್ಡಿ 1,800ರ ಆಸುಪಾಸು.

ಸಾಹುಕಾರರು ಇದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ. ‘ಕೊಟ್ಟರ ಗಂಟು ಕೊಡು, ಇಲ್ಲಾಂದ್ರ ಬಡ್ಡಿ ಕೊಡು’ ಎನ್ನುವುದೇ ರೂಢಿ. ಹಾಗೆಂದರೆ ತಿಂಗಳಿಗೆ 500 ಬಡ್ಡಿ ಕೊಟ್ಟು 1,500 ಬೇರೆ ಇಡಿ, ಏಳನೆಯ ತಿಂಗಳಿಗೆ ಗಂಟು ಕೂಡುತ್ತದೆ. ಆ ಹಣ ಮನೆಯ ಡಬ್ಬಿಯಲ್ಲಿ ಬೇಡ, ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿರಲಿ. ಅಲ್ಲಿ ಕನಿಷ್ಠ 500 ರೂಪಾಯಿ ಉಳಿಸಬೇಕು, ಅಷ್ಟೇ. ಅಂಚೆಯ ಆರ್.ಡಿ. (ತಿಂಗಳು ತಿಂಗಳು ಕಟ್ಟುವ ಠೇವಣಿ) ಈ ಕೆಲಸಕ್ಕಲ್ಲ. ಅದು ಐದು ವರ್ಷದ್ದು, ಮೂರು ವರ್ಷ ತುಂಬುವ ತನಕ ಮುರಿಸಲು ಬರುವುದಿಲ್ಲ. ಇನ್ನೂ ಒಳ್ಳೆಯ ದಾರಿ ಎಂದರೆ ನಿಮ್ಮ ಸ್ವಸಹಾಯ ಸಂಘದಲ್ಲಿ ನೂರಕ್ಕೆ ಒಂದೋ ಎರಡೋ ರೂಪಾಯಿಗೆ ಸಾಲ ಎತ್ತಿ, ಐದರ ಬಡ್ಡಿಯ ಸಾಲವನ್ನು ಒಂದೇ ಏಟಿಗೆ ತೀರಿಸಿ, ಗೃಹಲಕ್ಷ್ಮಿ ಕಂತನ್ನು ಸಂಘಕ್ಕೆ ಕಟ್ಟುವುದು. ತೀರಿಸಿದ ದಿನವೇ ಬಾಂಡ್ ಪೇಪರ್, ಖಾಲಿ ಚೆಕ್, ಒತ್ತೆ ಇಟ್ಟ ವಸ್ತು ಎಲ್ಲ ವಾಪಸು ಪಡೆಯಿರಿ. ನಾಳೆ ಕೊಡುತ್ತೇನೆ ಎಂದರೆ ಕೊನೆಯ ಕಂತನ್ನೂ ನಾಳೆಯೇ ಕೊಡಿ.

ಸಾಲ ತೀರಿದ ಮೇಲೆ ಮೊದಲ ಒಂದು ಕಂತನ್ನು ಖಾತೆಯಲ್ಲೇ ಬಿಡಿ, ಮುಟ್ಟಬೇಡಿ. ನಮ್ಮ ಕಡೆ ಹಳ್ಳಿಯ ಸಾಲ ಮದುವೆಯಿಂದ ಮಾತ್ರ ಹುಟ್ಟುವುದಿಲ್ಲ. ಕೂಸಿಗೆ ಜ್ವರ ಬಂದ ರಾತ್ರಿ ಬೇಕಾದ 800 ರೂಪಾಯಿ, ಜೂನ್‌ನಲ್ಲಿ ಬೀಜ-ಗೊಬ್ಬರಕ್ಕೆ ಕಡಿಮೆ ಬಿದ್ದ 1,500 ರೂಪಾಯಿ, ಇಂಥವುಗಳಿಂದ ಶುರುವಾಗಿ ಬೆಳೆಯುತ್ತದೆ. ಆ ರಾತ್ರಿ ಇನ್ನೊಬ್ಬರ ಬಾಗಿಲಿಗೆ ಹೋಗದೆ ಕಳೆಯಿತೆಂದರೆ, ನಮ್ಮ ದೃಷ್ಟಿಯಲ್ಲಿ ಈ ರೊಕ್ಕ ಮಾಡುವ ಅತಿ ದೊಡ್ಡ ಕೆಲಸ ಅದೇ.

ಮನೆಗೆ ಬರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೋಡಿ. ಗೃಹಲಕ್ಷ್ಮಿ ವರ್ಷಕ್ಕೆ 24,000. ಹೊಲ ಇದ್ದು ಪಿಎಂ ಕಿಸಾನ್ ಬರುತ್ತಿದ್ದರೆ ಮೂರು ಕಂತಿನಲ್ಲಿ 6,000. ಮಾವನಿಗೆ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ 1,200ರಂತೆ ಬರುತ್ತಿದ್ದರೆ 14,400. ಮೂರೂ ಇರುವ ಮನೆಗೆ 44,400 ಆಯಿತು. ಎರಡು ಸಾವಿರ ಎಂದಾಗ ಕಾಣದ್ದು ವರ್ಷದ ಲೆಕ್ಕದಲ್ಲಿ ಕಾಣುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಕಂತು ಇಂಥ ತಾರೀಖಿಗೇ ಬೀಳುತ್ತದೆ ಎಂಬ ಖಾತ್ರಿ ಇಲ್ಲ. ಎರಡು-ಮೂರು ತಿಂಗಳದ್ದು ತಡವಾಗಿ ಒಟ್ಟಿಗೆ ಬಿದ್ದದ್ದೂ ಉಂಟು. ‘ರೊಕ್ಕ ಬೀಳತೈತಿ’ ಎಂಬ ನಂಬಿಕೆಯ ಮೇಲೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಬೇಡಿ. ಈ ಯೋಜನೆಯಲ್ಲಿ ಸರ್ಕಾರ ಮೊದಲು ಸರಿಪಡಿಸಬೇಕಾದದ್ದು ಇದೇ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಬಡವರಿಗೆ ಮೊತ್ತ ಎಷ್ಟು ಮುಖ್ಯವೋ ತಾರೀಖೂ ಅಷ್ಟೇ ಮುಖ್ಯ.

ಪ್ರಶ್ನೆ (ಸಿಂದಗಿ ತಾಲ್ಲೂಕು): ಓಣ್ಯಾಗ ಎಲ್ಲಾರ್ಗೂ ಬಿದ್ದದ, ನಮಗಷ್ಟೇ ಬಿದ್ದಿಲ್ಲ. ಬ್ಯಾಂಕಿನ್ಯಾಗ ಆಧಾರ್ ಲಿಂಕ್ ಅದ ಅಂತಾರ. ಮೂರ ಸಲ ಅಡ್ಡಾಡಿದೆವು.

ಉತ್ತರ: ಓಣಿಯಲ್ಲಿ ವಿಚಾರಿಸಿದ್ದು ಸರಿಯಾದ ಮೊದಲ ಹೆಜ್ಜೆ. ಯಾರಿಗೂ ಬಿದ್ದಿರದಿದ್ದರೆ ಅದು ಮೇಲಿನಿಂದಲೇ ಆದ ತಡ, ಓಡಾಡಿ ಫಲವಿಲ್ಲ. ಬಸ್ಸು ಪುಕ್ಕಟೆ ಇರಬಹುದು, ಕಳೆದ ದಿನಗೂಲಿ ವಾಪಸು ಬರುವುದಿಲ್ಲ. ನಿಮಗೊಬ್ಬರಿಗೇ ಬಂದಿಲ್ಲ ಎಂದರೆ ತೊಡಕು ನಿಮ್ಮ ಖಾತೆಯಲ್ಲೋ ರೇಷನ್ ಕಾರ್ಡಿನಲ್ಲೋ ಇದೆ.

‘ಆಧಾರ್ ಲಿಂಕ್ ಅದ’ ಎಂಬ ಮಾತಿಗೆ ಎರಡು ಅರ್ಥ. ಖಾತೆ ತೆರೆಯುವಾಗ ಗುರುತಿಗಾಗಿ ಆಧಾರ್ ಜೆರಾಕ್ಸ್ ಕೊಟ್ಟು ನಂಬರ್ ಸೇರಿಸಿದ್ದು ಒಂದು. ಸರ್ಕಾರದ ರೊಕ್ಕ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಆ ಬ್ಯಾಂಕಿನ ಹೆಸರು ಸೇರಿಸಿದ್ದು ಇನ್ನೊಂದು. ಗುಮಾಸ್ತರು ಮೊದಲನೆಯದನ್ನು ನೋಡಿ ‘ಅದ’ ಎನ್ನುತ್ತಾರೆ, ರೊಕ್ಕ ಮಾತ್ರ ಎರಡನೆಯದನ್ನು ಹಿಡಿದು ಬರುತ್ತದೆ. ಅದಕ್ಕೇ ‘ಎನ್‌ಪಿಸಿಐ ಆಗಿದೆಯೇ’ ಎಂದು ಹೆಸರು ಹಿಡಿದು ಕೇಳಿ.

ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಸೇರಿಸಿದ್ದು ಯಾವುದೋ ಅದು. ಮಗಳ ಸ್ಕಾಲರ್‌ಶಿಪ್‌ಗೆಂದೋ, ಸಿಮ್ ಮಾರುವವರ ಹತ್ತಿರ ಹೆಬ್ಬೆಟ್ಟು ಒತ್ತಿಯೋ, ಊರಿಗೆ ಬಂದ ಏಜೆಂಟರ ಮಾತಿಗೋ ನಡುವೆ ಹೊಸ ಖಾತೆ ತೆರೆದಿದ್ದರೆ ರೊಕ್ಕ ಅಲ್ಲಿಗೆ ಹೋಗುತ್ತಿರುತ್ತದೆ. ನೀವು ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ ‘ಬಂದಿಲ್ಲ’ ಎನ್ನುತ್ತಿರುತ್ತೀರಿ. ಇದು ಬಹಳ ಮನೆಗಳಲ್ಲಿ ಆಗುತ್ತದೆ. ಮೊಬೈಲಿನಿಂದ *99*99*1# ಒತ್ತಿ ಆಧಾರ್ ಸಂಖ್ಯೆ ಹಾಕಿದರೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ತೋರಿಸುತ್ತದೆ. ಆಧಾರ್‌ನ ಅಧಿಕೃತ ಜಾಲತಾಣದಲ್ಲೂ ಒಟಿಪಿ ಹಾಕಿ ನೋಡಬಹುದು. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಯೋಜನೆಯ ಕಂತು ಯಾವ ದಿನ ಯಾವ ಖಾತೆಗೆ ಹೋಯಿತು ಎಂಬುದೂ ಸಿಗುತ್ತದೆ. ಜಾಲತಾಣಕ್ಕೂ ಆ್ಯಪ್‌ಗೂ ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಆ ಸಿಮ್ ಬಂದಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಿ.

ಬೇರೆ ಬ್ಯಾಂಕ್ ತೋರಿಸಿತೇ? ನಿಮಗೆ ಬೇಕಾದ ಶಾಖೆಯಲ್ಲಿ ಆಧಾರ್ ಜೋಡಣೆಯ ಒಪ್ಪಿಗೆ ಫಾರ್ಮ್ ಕೇಳಿ ತುಂಬಿ ಕೊಡಿ. ಹಿಂದಿನ ಬ್ಯಾಂಕಿನ ಹೆಸರು ಬರೆಯುವ ಕಡೆ ಬರೆಯಲೇಬೇಕು, ಖಾಲಿ ಬಿಟ್ಟರೆ ಅರ್ಜಿ ಅಲ್ಲೇ ನಿಲ್ಲಬಹುದು. ಎರಡು-ಮೂರು ದಿನ ಬಿಟ್ಟು ಮತ್ತೆ ನೋಡಿ. ಆಧಾರ್‌ನಲ್ಲಿ ‘ಶಾಂತವ್ವ’, ಪಾಸ್‌ಬುಕ್ಕಿನಲ್ಲಿ ‘ಶಾಂತಾಬಾಯಿ’ ಎಂದಿದ್ದರೂ ಕೆಲಸ ನಿಲ್ಲುತ್ತದೆ. ಆಗ ಬ್ಯಾಂಕಿನ ಹೆಸರನ್ನು ಆಧಾರ್‌ಗೆ ಹೊಂದಿಸುವುದು ಸುಲಭ, ತಿರುಗಾಮುರುಗಾ ಮಾಡಲು ಹೋಗಬೇಡಿ.

ಬ್ಯಾಂಕ್ ಸರಿಯಿದ್ದೂ ರೊಕ್ಕ ಇಲ್ಲದಿದ್ದರೆ ಕೆವೈಸಿ, ಅಂದರೆ ಬ್ಯಾಂಕಿನಲ್ಲಿರುವ ನಿಮ್ಮ ಗುರುತಿನ ದಾಖಲೆ ನೋಡಿ. 2014-15ರಲ್ಲಿ ತೆರೆದ ಜನಧನ್ ಖಾತೆಗಳಿಗೆ ಹತ್ತು ವರ್ಷ ತುಂಬಿದ್ದರಿಂದ ಮರು-ಕೆವೈಸಿ ಆಗಬೇಕು. 2025ರ ಜುಲೈನಿಂದ ಸೆಪ್ಟೆಂಬರ್ ತನಕ ಪಂಚಾಯಿತಿ ಮಟ್ಟದಲ್ಲಿ ಇದಕ್ಕೆಂದೇ ಶಿಬಿರ ನಡೆದವು. ಆಗ ತಪ್ಪಿಸಿಕೊಂಡವರು ಆಧಾರ್ ಹಿಡಿದು ಶಾಖೆಗೆ ಹೋಗಬೇಕು. ಪೂರ್ತಿ ದಾಖಲೆ ಕೊಡದೆ ತೆರೆದ ‘ಸಣ್ಣ ಖಾತೆ’ ಆಗಿದ್ದರೆ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮೆ ಆಗುವಂತಿಲ್ಲ, ತಿಂಗಳಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಕಬ್ಬಿನ ಬಿಲ್ ಅದೇ ಖಾತೆಗೆ ಬಿದ್ದರೆ ಮಿತಿ ದಾಟಿ ವ್ಯವಹಾರ ನಿಲ್ಲಬಹುದು.

ಬ್ಯಾಂಕಿನಲ್ಲಿ ಏನೂ ತೊಡಕಿಲ್ಲ ಎಂದಾದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ, ಯಾಕೆಂದರೆ ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ರೇಷನ್ ಕಾರ್ಡಿನಲ್ಲಿ ಮನೆಯವರ ಇ-ಕೆವೈಸಿ ಬಾಕಿ ಇರುವುದು, ನಿಮ್ಮ ಅಥವಾ ಗಂಡನ ಹೆಸರು ತೆರಿಗೆ ಇಲ್ಲವೇ ಜಿಎಸ್‌ಟಿ ಪಟ್ಟಿಯಲ್ಲಿ ಬಂದಿರುವುದು, ಈ ಎರಡು ಕಾರಣ ಅಲ್ಲಿ ಗೊತ್ತಾಗುತ್ತವೆ. ಅರ್ಜಿಯನ್ನು ಬರಹದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಶಿಕ್ಕಾ-ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ನಾಲ್ಕು ಭೇಟಿಗಿಂತ ಶಿಕ್ಕಾ ಬಿದ್ದ ಒಂದು ಹಾಳೆ ಮೇಲು.

ಪ್ರಶ್ನೆ (ಗೋಕಾಕ ತಾಲ್ಲೂಕು): ಜೂನ್ ತಿಂಗಳದಾಗ ನನ್ನ ಖಾತೆದಾಗಿಂದ 436 ರೂಪಾಯಿ, ಮತ್ತ 20 ರೂಪಾಯಿ ಕಟ್ ಆಗ್ಯಾವ್ರಿ. ಕದ್ದಾರೇನು?

ಉತ್ತರ: ಕದ್ದದ್ದಲ್ಲ. 436 ರೂಪಾಯಿ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವರ್ಷದ ಕಂತು, 20 ರೂಪಾಯಿ ಸುರಕ್ಷಾ ಅಪಘಾತ ವಿಮೆಯದು. ಎರಡೂ ಜೂನ್ 1ರಿಂದ ಮೇ 31ರ ತನಕ. ಮೊದಲನೆಯದರಲ್ಲಿ ಯಾವ ಕಾರಣಕ್ಕೆ ಸಾವಾದರೂ ಎರಡು ಲಕ್ಷ, ಸೇರಲು ವಯಸ್ಸು 18ರಿಂದ 50, ರಕ್ಷಣೆ 55ರ ತನಕ. ಎರಡನೆಯದರಲ್ಲಿ ಅಪಘಾತದಲ್ಲಿ ಸತ್ತರೆ ಎರಡು ಲಕ್ಷ, 70ರ ತನಕ. ನಮ್ಮ ಸಲಹೆ, ಇಟ್ಟುಕೊಳ್ಳಿ. ಹೊಲದಲ್ಲಿ ಹಾವು, ರಸ್ತೆಯಲ್ಲಿ ಟ್ರ್ಯಾಕ್ಟರ್ ಇರುವ ಊರಿಗೆ 20 ರೂಪಾಯಿ ಹೆಚ್ಚಲ್ಲ. ಬೇಡವಾದರೆ ಶಾಖೆಗೆ ಬರೆದುಕೊಟ್ಟು ನಿಲ್ಲಿಸಬಹುದು. ಕಂತು ಕಟ್ ಆಗುತ್ತಿರುವುದು ಮನೆಯವರಿಗೆ ಗೊತ್ತಿಲ್ಲದ್ದರಿಂದ ಸಾವಿನ ನಂತರ ಯಾರೂ ಕೇಳದೆ ಉಳಿದ ವಿಮೆಗಳಿವೆ, ಅದು ನೋವಿನ ಸಂಗತಿ. ಹೋದ ವರ್ಷದಲ್ಲಿ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಪಾಸ್‌ಬುಕ್ಕಿನ ಮೇ-ಜೂನ್ ಪುಟ ತೆರೆದು ಈ ಎರಡು ಅಂಕಿ ಇವೆಯೇ ನೋಡಿ. ಇದ್ದರೆ ನಾಮಿನಿ ಮರಣ ಪ್ರಮಾಣಪತ್ರ ಹಿಡಿದು ಅದೇ ಶಾಖೆಗೆ ಹೋಗಬೇಕು.

ಬೇರೆ ಅಂಕಿ ಕಟ್ ಆಗಿದ್ದರೆ, ಅಂದರೆ ನಿಮ್ಮ ಸಾಲಕ್ಕೆಂದು ಶಾಖೆಯವರೇ ಗೃಹಲಕ್ಷ್ಮಿ ರೊಕ್ಕ ಮುರಿದುಕೊಂಡಿದ್ದರೆ, ಮ್ಯಾನೇಜರರಿಗೆ ಬರಹದಲ್ಲಿ ಆಕ್ಷೇಪ ಕೊಡಿ, ಒಂದು ಪ್ರತಿ ಜಿಲ್ಲಾ ಲೀಡ್ ಬ್ಯಾಂಕ್ ಮ್ಯಾನೇಜರರಿಗೆ (ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವವರಿಗೆ) ಕಳಿಸಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ದೂರು ಕೊಡಬಹುದು, ಖರ್ಚಿಲ್ಲ.

ಪ್ರಶ್ನೆ (ಹುನಗುಂದ ತಾಲ್ಲೂಕು): ಐದ ತಿಂಗಳ ಕಂತು ಕೂಡಿಟ್ಟೀನ್ರಿ. ಆಡು ತರಬೇಕು ಅಂತ ಆಸೆ. ಮನ್ಯಾಗ ‘ಸತ್ತ ಹೋದ್ರ ರೊಕ್ಕ ಹೋತು’ ಅಂತಾರ. ಏನ್ ಮಾಡ್ಲಿ?

ಉತ್ತರ: ತನ್ನಿ. ಮನೆಯವರ ಭಯವೂ ಸುಳ್ಳಲ್ಲ, ಆದರೆ ಆಡು ಸಾಯುವ ಕಾರಣಗಳು ಕೆಲವೇ, ಹೆಚ್ಚಿನವನ್ನು ತಡೆಯಬಹುದು.

ಅಮೀನಗಡ, ಕೆರೂರು ಸಂತೆಗೆ ಹೋದಾಗ ಮೊದಲು ಬಾಯಿ ಬಿಡಿಸಿ ನೋಡಿ. ಮುಂದಿನ ಕೆಳಹಲ್ಲಿನಲ್ಲಿ ನಡುವಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ವಯಸ್ಸು ವರ್ಷ-ಒಂದೂವರೆ ವರ್ಷ, ನಾಲ್ಕಾಗಿದ್ದರೆ ಎರಡರ ಹತ್ತಿರ. ಎರಡು ಅಥವಾ ನಾಲ್ಕು ಹಲ್ಲಿನ ಹೆಣ್ಣಾಡೇ ನಿಮಗೆ ತಕ್ಕದ್ದು. ಹಲ್ಲು ಸವೆದದ್ದು, ಉದುರಿದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಕೆಚ್ಚಲು ಮೆತ್ತಗಿರಬೇಕು, ಒಳಗೆ ಗಂಟು ಸಿಗಬಾರದು, ಎರಡೂ ಮೊಲೆ ಸಮ ಇರಬೇಕು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ: ಒಳಗೆ ಕೆಂಪಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳು ಇದೆ. ಹಿಂಭಾಗ ಹೇತು ಹೊಲಸಾಗಿದ್ದರೆ, ಮೂಗು ಸೋರುತ್ತಿದ್ದರೆ ಬಿಟ್ಟು ಮುಂದೆ ಹೋಗಿ. ನಮ್ಮ ಬಯಲುಸೀಮೆಗೆ ಉಸ್ಮಾನಾಬಾದಿ ತಳಿ ಒಗ್ಗುತ್ತದೆ, ಅವಳಿ ಮರಿ ಹಾಕುವ ಗುಣವೂ ಅದಕ್ಕಿದೆ. ರೊಕ್ಕ ಸಾಲುವುದಾದರೆ ಒಂದರ ಬದಲು ಎರಡು ತನ್ನಿ, ಒಂಟಿ ಆಡು ಒದರಿ ಒದರಿ ಸೊರಗುತ್ತದೆ. ಬಕ್ರೀದ್ ಮುಂಚಿನ ವಾರಗಳಲ್ಲಿ ದರ ಏರುತ್ತದೆ. ಅದು ಮಾರುವ ಕಾಲ, ಕೊಳ್ಳುವ ಕಾಲವಲ್ಲ. ಕೂಡಿಟ್ಟ ರೊಕ್ಕವನ್ನೆಲ್ಲ ಸಂತೆಯಲ್ಲೇ ಸುರಿಯಬೇಡಿ, ಒಂದು ಸಾವಿರ ಔಷಧಿ-ಮೇವಿಗೆ ಇರಲಿ.

ಗಬ್ಬ ಐದು ತಿಂಗಳದ್ದು, ಸುಮಾರು 150 ದಿನ. ಚೆನ್ನಾಗಿ ಸಾಕಿದರೆ ಎರಡು ವರ್ಷದಲ್ಲಿ ಮೂರು ಸಲ ಈಯುತ್ತದೆ. ಹುಟ್ಟಿದ ಮರಿಗೆ ಒಂದು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಿ, ಹೊಕ್ಕುಳಕ್ಕೆ ಟಿಂಚರ್ ಅಯೋಡಿನ್ ಹಚ್ಚಿ. ಈ ಎರಡು ಕೆಲಸ ತಪ್ಪಿದ ಮನೆಗಳಲ್ಲೇ ಎಳೆ ಮರಿ ಹೆಚ್ಚು ಸಾಯುತ್ತವೆ. ಆರರಿಂದ ಎಂಟು ತಿಂಗಳಿಗೆ ಗಂಡು ಮರಿ ಮಾರಿ, ಹೆಣ್ಣು ಮರಿ ಉಳಿಸಿಕೊಳ್ಳಿ. ಅದೇ ಹೋತವನ್ನು ಅದರ ಮಗಳಿಗೆ ಬಿಡಬೇಡಿ.

ಇನ್ನು ಸಾವಿನ ಕಾರಣ. ಪಿಪಿಆರ್ ಎಂಬ ಅಂಟುರೋಗ ಬಂದರೆ ಜ್ವರ, ಬಾಯಿಹುಣ್ಣು, ಭೇದಿಯಾಗಿ ಹಿಂಡು ಹಿಂಡೇ ಹೋಗುತ್ತದೆ. ನಾಲ್ಕು ತಿಂಗಳಾದ ಮೇಲೆ ಒಂದು ಲಸಿಕೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಮೊದಲ ಮಳೆಗೆ ಚಿಗುರಿದ ಹಸಿಹುಲ್ಲು ಹೊಟ್ಟೆತುಂಬ ತಿಂದು ರಾತ್ರಿ ಚೆನ್ನಾಗಿದ್ದ ಆಡು ಬೆಳಗ್ಗೆ ಸತ್ತು ಬಿದ್ದಿರುವುದು ಕರುಳುಬೇನೆ. ಅದಕ್ಕೆ ಮೇ ತಿಂಗಳಲ್ಲಿ, ಮಳೆಗೆ ಮುಂಚೆಯೇ ಲಸಿಕೆ ಆಗಬೇಕು. ಹುಳುವಿನ ಔಷಧಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಕುಡಿಸಬಾರದು, ಹೊಟ್ಟೆಯಲ್ಲಿನ ಮರಿಗೆ ಕೇಡು. ಔಷಧಿ ತರುವಾಗ ಪಶು ಆಸ್ಪತ್ರೆಯಲ್ಲಿ ಗಬ್ಬದ ವಿಷಯ ಹೇಳಿ.

ಜೋಳದ ಸೀಮೆಯವರಾದ ನಾವು ಮರೆಯಬಾರದ್ದು ಇನ್ನೊಂದಿದೆ. ಮೊಣಕಾಲುದ್ದದ ಎಳೆ ಜೋಳ, ಮಳೆ ಕೈಕೊಟ್ಟು ಒಣಗಿ ನಿಂತ ಜೋಳ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ, ಇವುಗಳಲ್ಲಿ ಸಯನೈಡ್ ವಿಷವಿರುತ್ತದೆ. ನಾಲ್ಕು ಬಾಯಿ ತಿಂದ ಆಡು ಉಸಿರು ಎಳೆಯುತ್ತ ನಡುಗಿ ಬೀಳುತ್ತದೆ, ಡಾಕ್ಟರ್ ಬರುವಷ್ಟು ಹೊತ್ತೂ ಕೊಡದು. ಸುಗ್ಗಿಯಲ್ಲಿ ಕಣದ ಜೋಳ, ಗೋವಿನಜೋಳದ ರಾಶಿಗೆ ಬಾಯಿ ಹಾಕಿದರೆ ಹೊಟ್ಟೆ ಹುಳಿಯಾಗಿ ಸಾಯುತ್ತದೆ. ಆ ವಾರಗಳಲ್ಲಿ ಕಟ್ಟಿ ಮೇಯಿಸಿ: ದಿನಕ್ಕೆ ಮೂರು-ನಾಲ್ಕು ಕಿಲೋ ಹಸಿ ಸೊಪ್ಪು, ಅದರ ಜೊತೆ ತೊಗರಿ ಹೊಟ್ಟು. ಒಂದಕ್ಕೆ ಹತ್ತು ಚದರಡಿ ಒಣ ಜಾಗ ಸಾಕು. ಕೆಸರಿನಲ್ಲಿ ನಿಂತರೆ ಗೊರಸು ಕೊಳೆಯುತ್ತದೆ.

ಪ್ರಶ್ನೆ (ಅಥಣಿ ತಾಲ್ಲೂಕು): ಪುಕ್ಕಟೆ ರೊಕ್ಕ ಕೊಟ್ಟರ ಗಂಡಸರು ಕುಡೀತಾರ, ಹೆಂಗಸರು ಕೂಲಿಗೆ ಬರೂದಿಲ್ಲ ಅಂತ ನಮ್ಮೂರ ಹಿರಿಯರು ಅಂತಾರ. ಖರೇ ಏನು?

ಉತ್ತರ: ಇದನ್ನು ಅಳೆದು ನೋಡಿದ್ದಾರೆ. ಮಧ್ಯಪ್ರದೇಶದ ಇಂದೋರ್ ಸುತ್ತಿನ ಹಳ್ಳಿಗಳಲ್ಲಿ 2011-12ರಲ್ಲಿ ‘ಸೇವಾ’ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಪ್ರತಿ ದೊಡ್ಡವರಿಗೆ ತಿಂಗಳಿಗೆ 200, ಮಗುವಿಗೆ 100 ರೂಪಾಯಿ ಯಾವ ಷರತ್ತೂ ಇಲ್ಲದೆ ಕೊಟ್ಟಿತು, ಮುಂದೆ ಅದನ್ನು 300 ಮತ್ತು 150ಕ್ಕೆ ಏರಿಸಿತು. ರೊಕ್ಕ ಬಾರದ ಹಳ್ಳಿಗಳ ಜೊತೆ ಹೋಲಿಸಿದಾಗ ಕುಡಿತ ಹೆಚ್ಚಾಗಿರಲಿಲ್ಲ. ಊಟ ಸುಧಾರಿಸಿತ್ತು, ಆಡು-ಕೋಳಿ ಹೆಚ್ಚಿದ್ದವು, ಜನ ಸ್ವಂತ ಹೊಲದ ಕೆಲಸಕ್ಕೆ ಹೆಚ್ಚು ಹೊತ್ತು ಕೊಡುತ್ತಿದ್ದರು. ಕೂಲಿ ಸಿಗುತ್ತಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ: ಮುಂಗಡದ ಹಂಗಿಲ್ಲದ ಹೆಂಗಸು ಕಡಿಮೆ ಕೂಲಿಗೆ ಒಲ್ಲೆ ಎನ್ನಬಲ್ಲಳು. ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಕೀನ್ಯಾ ದೇಶದ ರಾರಿಯೆಡಾ ಎಂಬ ಕಡೆ ಗಿವ್‌ಡೈರೆಕ್ಟ್ಲಿ ಸಂಸ್ಥೆ ಕೊಟ್ಟ ನಗದಿನ ಅಧ್ಯಯನದಲ್ಲೂ ಹೆಂಡ-ತಂಬಾಕಿನ ಖರ್ಚು ಏರಲಿಲ್ಲ. ನಮಗೆ ಬೇಕಾದ ಇನ್ನೊಂದು ವಿಷಯ ಅಲ್ಲಿ ಹೊರಬಿತ್ತು. ತಿಂಗಳು ತಿಂಗಳು ಕೊಟ್ಟಾಗ ಊಟದ ಕೊರತೆ ಹೆಚ್ಚು ನೀಗಿತು, ಒಂದೇ ಗಂಟಾಗಿ ಕೊಟ್ಟಾಗ ದೊಡ್ಡ ವಸ್ತುಗಳ ಮೇಲೆ ಹೂಡಿಕೆ ಆಯಿತು. ಹುಲ್ಲಿನ ಚಾವಣಿ ತೆಗೆದು ತಗಡು ಹಾಕಿಸಿದವರು ಬಹಳ, ಯಾಕೆಂದರೆ ಹುಲ್ಲು ಮತ್ತೆ ಮತ್ತೆ ಹೊದಿಸುವ ಖರ್ಚು ತಪ್ಪುತ್ತದೆ. ಅದೇ ದೇಶದ ಸಿಯಾಯಾ ಸೀಮೆಯ 653 ಹಳ್ಳಿಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಕೊಟ್ಟ ಒಂದು ರೂಪಾಯಿಗೆ ಆ ಭಾಗದಲ್ಲಿ ಸುಮಾರು ಎರಡೂವರೆ ರೂಪಾಯಿಯ ವಹಿವಾಟು ಹುಟ್ಟಿತು, ಬೆಲೆ ಹೆಚ್ಚೇನೂ ಏರಲಿಲ್ಲ. ರೊಕ್ಕ ಸಿಗದ ಮನೆಯ ದರ್ಜಿ, ಗೌಂಡಿ, ಅಂಗಡಿಯವರ ಕೈಗೂ ಅದು ತಿರುಗಿ ಬಂತು.

ಆದರೆ ಕುಡುಕ ಗಂಡ ಇರುವ ಮನೆಯ ಹೆಂಗಸಿಗೆ ಸರಾಸರಿ ಲೆಕ್ಕ ಉಪಯೋಗವಿಲ್ಲ. ಅಂಥ ತಾಯಂದಿರಿಗೆ ಹೇಳುವುದಿಷ್ಟು: ಖಾತೆಗೆ ನಿಮ್ಮದೇ ಮೊಬೈಲ್ ನಂಬರ್ ಇರಲಿ, ಎಟಿಎಂ ಕಾರ್ಡ್ ತೆಗೆದುಕೊಳ್ಳಲೇಬೇಡಿ, ಹೆಬ್ಬೆಟ್ಟಿನಿಂದ ತೆಗೆದರೆ ನೀವೇ ಹೋಗಬೇಕಾಗುತ್ತದೆ. ಕಾರ್ಡ್ ಈಗಾಗಲೇ ಅವರ ಕೈಲಿದ್ದರೆ ಶಾಖೆಯಲ್ಲಿ ಬಂದ್ ಮಾಡಿಸಿ. ರೊಕ್ಕ ಬಿದ್ದ ವಾರದಲ್ಲೇ ಸಂಘದ ಉಳಿತಾಯಕ್ಕೋ, ಹತ್ತು ವರ್ಷದೊಳಗಿನ ಮಗಳಿದ್ದರೆ ಅಂಚೆಯ ಸುಕನ್ಯಾ ಸಮೃದ್ಧಿಗೋ ಕಟ್ಟಿ. ಸುಕನ್ಯಾಗೆ ವರ್ಷಕ್ಕೆ ಕನಿಷ್ಠ 250 ಸಾಕು. ಅದು ಮಗಳ ಹೆಸರಿನದು, ಬೇಕೆಂದಾಗ ಯಾರೂ ಬಿಡಿಸಿಕೊಳ್ಳಲು ಬರುವುದಿಲ್ಲ.

ಪ್ರಶ್ನೆ (ಮುದ್ದೇಬಿಹಾಳ ತಾಲ್ಲೂಕು): ಅತ್ತಿಯವರು ಹೋದ ತಿಂಗಳ ತೀರಿಕೊಂಡ್ರು. ಅವರ ಹೆಸರಿಗೆ ರೊಕ್ಕ ಬರತಿತ್ತು. ಇನ್ನ ನನಗ ಬರಬೇಕಂದ್ರ?

ಉತ್ತರ: ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ತುಂಬಿದ ಹೆಂಗಸರಲ್ಲಿ ಹಿರಿಯವರೇ ರೇಷನ್ ಕಾರ್ಡಿನ ಯಜಮಾನಿ. ಆದ್ದರಿಂದ ಮೊದಲು ಮರಣ ನೋಂದಣಿ (21 ದಿನದೊಳಗೆ ಶುಲ್ಕವಿಲ್ಲ, ನಂತರ ದಂಡ ಮತ್ತು ಓಡಾಟ), ಆಮೇಲೆ ಪ್ರಮಾಣಪತ್ರ ಕೊಟ್ಟು ಕಾರ್ಡಿನಿಂದ ಅವರ ಹೆಸರು ತೆಗೆಸಿ ನಿಮ್ಮನ್ನು ಯಜಮಾನಿ ಮಾಡಿಸುವುದು, ಕೊನೆಗೆ ಗ್ರಾಮ ಒನ್ ಕೇಂದ್ರದಲ್ಲಿ ನಿಮ್ಮ ಹೆಸರಿಗೆ ಹೊಸ ಅರ್ಜಿ. ಈ ಅನುಕ್ರಮ ತಪ್ಪಿದರೆ ಅರ್ಜಿ ತೆಗೆದುಕೊಳ್ಳುವುದೇ ಇಲ್ಲ. ನಡುವೆ ಅವರ ಖಾತೆಗೆ ಕಂತು ಬಿದ್ದರೆ ತೆಗೆಯಬೇಡಿ. ಸತ್ತವರ ಹೆಸರಿನ ಕಂತನ್ನು ಸರ್ಕಾರ ವಾಪಸು ಕೇಳುತ್ತದೆ, ನಿಮ್ಮ ಅರ್ಜಿಗೂ ಅದು ತೊಡಕಾಗುತ್ತದೆ. ಅತ್ತೆಯವರಿಗೆ 436ರ ವಿಮೆ ಇತ್ತೇ, ಮೇಲಿನ ಉತ್ತರ ನೋಡಿ ಪಾಸ್‌ಬುಕ್ ತೆರೆದು ನೋಡಿ.

ಪ್ರಶ್ನೆ (ಇಂಡಿ ತಾಲ್ಲೂಕು): ಅಕ್ಕಿ ಬದಲಿ ರೊಕ್ಕ ಹಾಕತಿದ್ರಲ್ಲ, ಅದನ್ನ ಯಾಕ ನಿಲ್ಲಿಸಿದ್ರು? ನಾವು ಜ್ವಾಳದ ರೊಟ್ಟಿ ಉಣ್ಣಾವ್ರು, ಅದೇ ಛಲೋ ಇತ್ತು.

ಉತ್ತರ: 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಸಿಗದ್ದರಿಂದ ಐದು ಕಿಲೋಗೆ ಬದಲಾಗಿ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಹಾಕಿದರು. ಐದು ಮಂದಿಯ ಮನೆಗೆ ತಿಂಗಳಿಗೆ 850. ಅಕ್ಕಿ ಸಿಕ್ಕ ಮೇಲೆ 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು. ನಿಮ್ಮ ಮಾತಿನಲ್ಲಿ ಅರ್ಥವಿದೆ. ಬಿಳಿಜೋಳ ಬೆಳೆಯುವ, ಉಣ್ಣುವ ಸೀಮೆಯಲ್ಲಿ 850 ರೂಪಾಯಿ ಜೋಳಕ್ಕೋ, ಬೇಳೆಗೋ, ಎಣ್ಣೆಗೋ ಹೋಗುತ್ತಿತ್ತು, ಹೆಚ್ಚಾದ ಅಕ್ಕಿಯನ್ನು ಅಗ್ಗಕ್ಕೆ ಮಾರುವ ಪಾಡು ಇರಲಿಲ್ಲ. ಇನ್ನೊಂದು ಮಗ್ಗುಲೂ ಇದೆ. ಬೆಲೆ ಏರಿದರೂ 34 ಏರುವುದಿಲ್ಲ, ಅಕ್ಕಿ ಮಾತ್ರ ಬೆಲೆ ಏನೇ ಆಗಲಿ ಐದು ಕಿಲೋ ಐದೇ ಕಿಲೋ. ಖಾತೆಯ ತೊಡಕಿದ್ದವರಿಗೆ ರೊಕ್ಕ ಮುಟ್ಟಲೂ ಇಲ್ಲ, ಅಕ್ಕಿ ಅಂಗಡಿಯಲ್ಲಿ ಕೈಗೇ ಸಿಗುತ್ತದೆ. ಸಂತೆ ಹತ್ತಿರವಿದ್ದು ಖಾತೆ ಸರಿಯಿದ್ದವರಿಗೆ ನಗದು ಮೇಲು, ಒಂಟಿ ಮುದುಕಿಗೆ ಕಾಳೇ ಮೇಲು ಎಂದು ನಮಗನಿಸುತ್ತದೆ.

ಪ್ರಶ್ನೆ (ರಾಯಬಾಗ ತಾಲ್ಲೂಕು): ಕಬ್ಬು ಕಡಿಯಾಕ ಐದಾರು ತಿಂಗಳ ಮಹಾರಾಷ್ಟ್ರಕ್ಕ ಹೊಕ್ಕೀವಿ. ರೊಕ್ಕ ಬಂದ್ ಆಗತೈತೇನ್ರಿ?

ಉತ್ತರ: ಆಗುವುದಿಲ್ಲ. ನೀವು ಎಲ್ಲಿದ್ದರೂ ಖಾತೆ ಅದೇ. ಯಾವ ಊರಿನ ಬ್ಯಾಂಕ್ ಮಿತ್ರರ (ಊರಲ್ಲೇ ರೊಕ್ಕ ಕೊಡುವ ಬ್ಯಾಂಕಿನ ಏಜೆಂಟರ) ಹತ್ತಿರವಾದರೂ ಹೆಬ್ಬೆಟ್ಟು ಒತ್ತಿ ತೆಗೆಯಬಹುದು. ಕೇಂದ್ರದ ಪಾಲಿನ ರೇಷನ್ ಧಾನ್ಯವನ್ನೂ ‘ಒಂದು ದೇಶ ಒಂದು ರೇಷನ್ ಕಾರ್ಡ್’ ಅಡಿ ಅಲ್ಲಿನ ಅಂಗಡಿಯಲ್ಲಿ ಎತ್ತಬಹುದು, ಮನೆಯಲ್ಲುಳಿದ ಮುದುಕರು ಅವರ ಪಾಲು ಇಲ್ಲಿ ಎತ್ತಬಹುದು. ಗುಳೆ ಹೋಗುವ ಮುಂಚೆ ಎಲ್ಲರ ಇ-ಕೆವೈಸಿ ಮುಗಿಸಿ. ಮುಕಾದಮನಿಗೆ (ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿಗೆ) ಪಾಸ್‌ಬುಕ್ಕನ್ನಾಗಲಿ ಆಧಾರ್ ಕಾರ್ಡನ್ನಾಗಲಿ ಮುಂಗಡದ ಒತ್ತೆಗೆ ಕೊಡಬೇಡಿ. ಮುಂಗಡ ಎಷ್ಟು, ಟನ್ನಿಗೆ ಎಷ್ಟು ಎಂದು ಬರೆಸಿಕೊಂಡು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಗೃಹಲಕ್ಷ್ಮಿಯ ಎರಡು ಕಂತು ಕೂಡಿದ್ದರೆ ಅಷ್ಟು ಮುಂಗಡ ಕಡಿಮೆ ಎತ್ತಿ. ಕಡಿಮೆ ಎತ್ತಿದಷ್ಟೂ ಬೇಗ ಊರಿಗೆ ಬರುತ್ತೀರಿ.

ಪ್ರಶ್ನೆ (ಬಾದಾಮಿ ತಾಲ್ಲೂಕು): ಹೆಬ್ಬಟ್ಟು ಹತ್ತೂದಿಲ್ಲ ಅಂತ ಎರಡ-ಮೂರ ಸಲ ಒತ್ತಿಸ್ತಾರ, ಆಮ್ಯಾಲ ‘ಬಂದಿಲ್ಲ’ ಅಂತಾರ. ನಂಬೂದು ಹೆಂಗ?

ಉತ್ತರ: ಪ್ರತಿ ಸಲ ಒತ್ತಿದಾಗಲೂ ಚೀಟಿ ಕೇಳಿ, ವಿಫಲವಾದರೂ ಚೀಟಿ ಬರುತ್ತದೆ. ಮೊಬೈಲಿಗೆ ಬಂದ ಮೆಸೇಜನ್ನು ಅಲ್ಲೇ ಯಾರಿಂದಾದರೂ ಓದಿಸಿ. ರೊಕ್ಕ ತೆಗೆಯಲು ಬ್ಯಾಂಕ್ ಮಿತ್ರರ ಕೈಗೆ ನೀವು ಶುಲ್ಕ ಕೊಡಬೇಕಾಗಿಲ್ಲ. ಖಾತೆಯಲ್ಲಿ ಕಟ್ ಆಗಿ ಕೈಗೆ ಬಾರದಿದ್ದರೆ ಐದು ದಿನದಲ್ಲಿ ತಾನಾಗಿ ಮರಳಬೇಕು, ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಚೀಟಿಯೇ ಅದಕ್ಕೆ ಆಧಾರ. ಬೆರಳು ಸವೆದಿದ್ದರೆ ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳು ಒತ್ತಿ ನೋಡಿ, ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿ. ‘ಬಾಕಿ ಕಂತು ಹಾಕ್ತೀವಿ, ಒಟಿಪಿ ಹೇಳ್ರಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ಹೇಳಿಯೇಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಶಾಖೆಗೂ ತಿಳಿಸಿ. ತಿಳಿಸಿದ ಮೇಲೆ ಹೋದ ರೊಕ್ಕಕ್ಕೆ ಬ್ಯಾಂಕ್ ಹೊಣೆ, ತಿಳಿಸುವ ಮುಂಚೆ ಹೋದದ್ದಕ್ಕೆ ನೀವೇ ಹೊಣೆ.